ಗಾರ್ಡ್‌ನ ವೃತ್ತಿಜೀವನ: ಓಡುವ ಕಾಲಿಗಿಂತ ನಿಲ್ಲುವ ಕಾಲು ಮುಖ್ಯ

ಪ್ರಶ್ನೆ: ನನಗೆ 19 ವರ್ಷ, ಎತ್ತರ 6 ಅಡಿ 1 ಇಂಚು. ಬಾಸ್ಕೆಟ್‌ಬಾಲ್‌ನಲ್ಲಿ ಪಾಯಿಂಟ್ ಗಾರ್ಡ್ (ಚೆಂಡು ನಡೆಸಿ ತಂಡದ ಆಟ ಕಟ್ಟುವವನು) ಆಗಿ ಆಡುತ್ತೇನೆ. ವೇಗವೇ ನನ್ನ ಬಲ; ಮೊದಲ ಹೆಜ್ಜೆಯಲ್ಲೇ ಎದುರಿನವರನ್ನು ದಾಟಿಬಿಡುತ್ತೇನೆ. ಆದರೆ ವೃತ್ತಿಪರ ಲೀಗ್‌ಗಳಲ್ಲಿ ಕೆಲವು ಗಾರ್ಡ್‌ಗಳು 30ಕ್ಕೇ ಮುಗಿದುಹೋಗುತ್ತಾರೆ, ಕೆಲವರು 40ರ ತನಕ ಆಡುತ್ತಾರೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಈಗಿನಿಂದಲೇ ನಾನು ಯಾವುದರ ಮೇಲೆ ಶ್ರಮ ಹಾಕಬೇಕು?

ಉತ್ತರ: ಮೊದಲ ಹೆಜ್ಜೆಯ ವೇಗ ನಿಮ್ಮನ್ನು ತಂಡದ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗೆ ಉಳಿಸಿಕೊಳ್ಳುವುದು ಬೇರೆ ಕೌಶಲಗಳು. ಮೂವತ್ತು ದಾಟಿದ ಮೇಲೆ ಆಡಬೇಕಾದ ಆಟವನ್ನು ಇಪ್ಪತ್ತರಲ್ಲೇ ಕಲಿತವರು ಬಹುಕಾಲ ಬಾಳುತ್ತಾರೆ. ವೇಗ ಕುಂದಿದ ಮೇಲೆ ಕಲಿಯಲು ಕೂತವರಿಗೆ ಸಮಯ ಸಿಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಅವರ ಜಾಗಕ್ಕೆ 22ರ ಇನ್ನೊಬ್ಬ ವೇಗಿ ಬಂದಿರುತ್ತಾನೆ.

ಜಾನ್ ಸ್ಟಾಕ್ಟನ್ ಅವರ ಎತ್ತರ ನಿಮ್ಮಷ್ಟೇ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 1984ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) 16ನೆಯವರಾಗಿ ಆಯ್ಕೆಯಾದ ಅವರು ಯೂಟಾ ಜಾಝ್ ಒಂದೇ ತಂಡಕ್ಕೆ 19 ಸೀಸನ್ ಆಡಿ, 41ನೇ ವಯಸ್ಸಿನಲ್ಲಿ ಆಟ ನಿಲ್ಲಿಸಿದರು. 15,806 ಅಸಿಸ್ಟ್ (ಅಂಕಕ್ಕೆ ದಾರಿ ಮಾಡಿದ ಪಾಸ್), 3,265 ಸ್ಟೀಲ್ (ಎದುರಾಳಿಯಿಂದ ಕಸಿದ ಚೆಂಡು). ಎರಡೂ ಇಂದಿಗೂ ಮುರಿಯದ ದಾಖಲೆಗಳು. ಅಷ್ಟು ವರ್ಷಗಳಲ್ಲಿ ಅವರು ತಪ್ಪಿಸಿಕೊಂಡ ಪಂದ್ಯಗಳು ಬರೀ 22. ಇನ್ನೊಂದು ತುದಿಯಲ್ಲಿ ಡೆರಿಕ್ ರೋಸ್ ಇದ್ದಾರೆ: 2011ರಲ್ಲಿ, 22ನೇ ವಯಸ್ಸಿಗೇ ಎಂವಿಪಿ (ಸೀಸನ್‌ನ ಅತ್ಯುತ್ತಮ ಆಟಗಾರ), ಆ ಗೌರವ ಪಡೆದ ಅತಿ ಕಿರಿಯ. ಮರುವರ್ಷದ ಏಪ್ರಿಲ್ 28ರಂದು ಪ್ಲೇಆಫ್ (ಸೀಸನ್ ಕೊನೆಯ ನಿರ್ಣಾಯಕ ಸುತ್ತು) ಪಂದ್ಯದಲ್ಲಿ ಎಡ ಮಂಡಿಯೊಳಗಿನ ಅಸ್ಥಿಬಂಧ, ಎಸಿಎಲ್, ಹರಿಯಿತು. ಅದು ಅವರ ತಪ್ಪೇನೂ ಅಲ್ಲ; ಎಷ್ಟೇ ಎಚ್ಚರವಿದ್ದರೂ ಕೆಲವು ಗಾಯಗಳು ಆಗಿಯೇ ಆಗುತ್ತವೆ. ಗಮನಿಸಬೇಕಾದ್ದು ಆಮೇಲಿನ ಕಥೆ. ಹಾರಿ ಮುಗಿಸುವ ಆಟ ಬಿಟ್ಟು, ದೂರದ ಶಾಟ್ ಮತ್ತು ನಿಧಾನದ ಲಯವನ್ನು ಕಟ್ಟಿಕೊಂಡೇ ಅವರು ಮುಂದೆ ಹಲವು ವರ್ಷ ಆಡಿದರು, 2018ರ ಅಕ್ಟೋಬರ್‌ನಲ್ಲಿ ಒಂದೇ ಪಂದ್ಯದಲ್ಲಿ 50 ಅಂಕ ಗಳಿಸಿದರು. ಅಷ್ಟು ನೋವಿನ ನಡುವೆ ಆಟವನ್ನೇ ಬದಲಿಸಿಕೊಂಡದ್ದು ಸಣ್ಣ ಸಾಧನೆಯಲ್ಲ. ಅದೇ ಬದಲಾವಣೆ ಗಾಯಕ್ಕೆ ಮೊದಲೇ ಶುರುವಾಗಿದ್ದರೆ ದಾರಿ ಎಷ್ಟೋ ಹಗುರವಾಗುತ್ತಿತ್ತು.

ನೀವು ವೇಗ ಎಂದು ಕರೆಯುತ್ತಿರುವುದನ್ನು ಮೊದಲು ಬಿಡಿಸಿ ನೋಡೋಣ. ಅಂಗಳದ ಉದ್ದ 28 ಮೀಟರ್. ಗಾರ್ಡ್ ಅದರಲ್ಲಿ ಪೂರ್ತಿ ವೇಗ ಮುಟ್ಟುವ ಸಂದರ್ಭಗಳೇ ಕಡಿಮೆ. ನಾಲ್ಕೈದು ಮೀಟರ್ ಓಡಿ ನಿಲ್ಲುವುದು, ತಿರುಗುವುದು, ಮತ್ತೆ ಹೊರಡುವುದು: ಕೆಲಸವೆಲ್ಲ ಇಲ್ಲೇ. ಡಿಫೆಂಡರ್ ಮತ್ತು ನಿಮ್ಮ ನಡುವೆ ಅಂತರ ಹುಟ್ಟುವುದು ನೀವು ಹೊರಟಾಗಲಷ್ಟೇ ಅಲ್ಲ, ಅವನಿಗಿಂತ ಮೊದಲು ನಿಂತಾಗಲೂ. ವಯಸ್ಸಾದಂತೆ ಹೊರಡುವ ಶಕ್ತಿ ಮೊದಲು ಇಳಿಯುತ್ತದೆ. ನಿಲ್ಲುವ ಶಕ್ತಿಯನ್ನು ವ್ಯಾಯಾಮದಿಂದ ಬಹಳ ವರ್ಷ ಕಾಪಾಡಿಕೊಳ್ಳಬಹುದು. ಮಂಡಿ ಮತ್ತು ಪಾದದ ಗಂಟಿನ ಬಹಳಷ್ಟು ಗಾಯಗಳು ಆಗುವುದೂ ನಿಲ್ಲುವಾಗ, ನೆಲಕ್ಕಿಳಿಯುವಾಗ, ದಿಕ್ಕು ಬದಲಿಸುವಾಗ. ಹಾಗಾಗಿ ಬ್ರೇಕ್ ಸರಿಯಿದ್ದರೆ ಆಟಕ್ಕೂ ಲಾಭ, ಆಯಸ್ಸಿಗೂ ಲಾಭ.

ಸ್ಟೀಫನ್ ಕರಿ ಅವರನ್ನೇ ನೋಡಿ. 2011–12ರ ಸೀಸನ್‌ನಲ್ಲಿ ಪಾದದ ಗಂಟಿನ ತೊಂದರೆಯಿಂದ ಅವರು ಆಡಿದ್ದು 26 ಪಂದ್ಯ ಮಾತ್ರ. 2011 ಮತ್ತು 2012ರಲ್ಲಿ ಎರಡು ಸಲ ಶಸ್ತ್ರಚಿಕಿತ್ಸೆ ಆಯಿತು. ಆ ಅನುಮಾನದ ನೆರಳಲ್ಲೇ 2012ರಲ್ಲಿ ಅವರಿಗೆ ಸಿಕ್ಕ ಒಪ್ಪಂದ 4 ವರ್ಷಕ್ಕೆ 4.4 ಕೋಟಿ ಡಾಲರ್, ಅವರ ಮಟ್ಟಕ್ಕೆ ತೀರಾ ಅಗ್ಗ. ಆಮೇಲೆ ಗಂಟನ್ನಷ್ಟೇ ಬಲಪಡಿಸಿ ಸುಮ್ಮನಾಗಲಿಲ್ಲ. ಸೊಂಟ ಮತ್ತು ಪೃಷ್ಠದ ಸ್ನಾಯುಗಳನ್ನು ಬೆಳೆಸಿ, ತಿರುಗುವಾಗಿನ ಭಾರವನ್ನು ಅವು ಹೊರುವಂತೆ ಮಾಡಿದರು. 2015 ಮತ್ತು 2016ರ ಎಂವಿಪಿ ಗೌರವ ಬಂದದ್ದು ಅದೇ ಕಾಲುಗಳ ಮೇಲೆ.

ನೀವು ಮಾಡಬೇಕಾದ ಮೊದಲ ಕೆಲಸ ಒಂದು ವಿಡಿಯೊ. 10 ಮೀಟರ್ ಪೂರ್ತಿ ವೇಗದಲ್ಲಿ ಓಡಿ, ಗೆರೆ ದಾಟಿದ ತಕ್ಷಣ ನಿಲ್ಲಿ. ಬದಿಯಿಂದ ಒಂದು ಸಲ, ಎದುರಿನಿಂದ ಒಂದು ಸಲ ಚಿತ್ರೀಕರಿಸಿ. ಚೆನ್ನಾಗಿ ನಿಲ್ಲುವವರ ಕೊನೆಯ ಎರಡು ಮೂರು ಹೆಜ್ಜೆ ಗಿಡ್ಡವಾಗುತ್ತವೆ, ಸೊಂಟ ಕೆಳಗಿಳಿಯುತ್ತದೆ, ಕೊನೆಯದಕ್ಕಿಂತ ಒಂದು ಹಿಂದಿನ ಹೆಜ್ಜೆಯೇ ದೊಡ್ಡ ಪಾಲು ಬ್ರೇಕ್ ಹಿಡಿಯುತ್ತದೆ. ಕೆಟ್ಟದಾಗಿ ನಿಲ್ಲುವವರು ಎಲ್ಲವನ್ನೂ ಕೊನೆಯ ಒಂದೇ ಕಾಲಿನ ಮೇಲೆ ಹೇರುತ್ತಾರೆ. ಮಂಡಿ ನೆಟ್ಟಗಿರುತ್ತದೆ ಅಥವಾ ಒಳಕ್ಕೆ ಕುಸಿಯುತ್ತದೆ, ಎದೆ ಮುಂದಕ್ಕೆ ವಾಲುತ್ತದೆ. ಮಂಡಿ ಒಳಕ್ಕೆ ಹೋಗುವುದು ಕಂಡರೆ ಅದನ್ನು ತಿದ್ದುವ ತನಕ ಜಿಗಿತದ ವ್ಯಾಯಾಮಗಳನ್ನು ಹೆಚ್ಚಿಸಬೇಡಿ.

ಇದಕ್ಕೆ ವಾರಕ್ಕೆ ಎರಡು ದಿನ ಸಾಕು. ಒಂದು ಕಾಲು ಮುಂದಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್ ಅನ್ನು, ಇಳಿಯಲು 3–4 ಸೆಕೆಂಡ್ ತೆಗೆದುಕೊಂಡು, ಕಾಲಿಗೆ 6ರಂತೆ 3 ಸೆಟ್ ಮಾಡಿ. ತೊಡೆಯ ಹಿಂಭಾಗಕ್ಕೆ ನಾರ್ಡಿಕ್: ಮಂಡಿಯೂರಿ, ಪಾದವನ್ನು ಯಾರಾದರೂ ಹಿಡಿದಿರುವಾಗ ನಿಧಾನವಾಗಿ ಮುಂದಕ್ಕೆ ವಾಲುವುದು, 4–6ರಂತೆ 2 ಸೆಟ್. 30 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಿಂದ ಇಳಿದು, ಸದ್ದಿಲ್ಲದೆ ನೆಲ ಮುಟ್ಟಿ, ಎರಡು ಸೆಕೆಂಡ್ ಅಲುಗದೆ ನಿಲ್ಲುವುದು, 5ರಂತೆ 3 ಸಲ. ಮೀನಖಂಡಕ್ಕೆ ಒಂದೇ ಕಾಲಲ್ಲಿ ಹಿಮ್ಮಡಿ ಎತ್ತುವುದು, ಮಂಡಿ ನೆಟ್ಟಗಿಟ್ಟು ಒಂದು ಸೆಟ್, ಬಾಗಿಸಿ ಒಂದು ಸೆಟ್. ಒಂದೇ ಸಲಕ್ಕೆ 25 ಬಾರಿಯ ಹತ್ತಿರ ಎತ್ತುವ ತನಕ ಕಾಲು ಬಲವಾಗಿದೆ ಎಂದುಕೊಳ್ಳಬೇಡಿ. ಇಲ್ಲಿ ಎರಡು ತಪ್ಪು ಸಾಮಾನ್ಯ. ಅಭ್ಯಾಸ ಮುಗಿದು ಕಾಲು ಸೋತ ಮೇಲೆ ಇವನ್ನು ಮಾಡುವುದು ಒಂದು. ಪಂದ್ಯಗಳು ಶುರುವಾದ ಕೂಡಲೇ ಪೂರ್ತಿ ಕೈಬಿಡುವುದು ಇನ್ನೊಂದು. ಸೀಸನ್‌ನಲ್ಲಿ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ, ಆದರೆ ನಿಲ್ಲಿಸಬೇಡಿ. ಗಳಿಸಿದ ಬಲ ಕೆಲವೇ ವಾರಗಳಲ್ಲಿ ಕರಗತೊಡಗುತ್ತದೆ, ಅದೂ ಪ್ಲೇಆಫ್ ಹತ್ತಿರ ಬರುವಾಗಲೇ.

ಇನ್ನು ಶಾಟ್. 100ಕ್ಕೆ 40 ತ್ರೀ ಪಾಯಿಂಟರ್ (ದೂರದ ಗೆರೆಯ ಹಿಂದಿನಿಂದ ಹೊಡೆಯುವ ಮೂರು ಅಂಕದ ಶಾಟ್) ಹಾಕುವವನ ಒಂದು ಪ್ರಯತ್ನದ ಬೆಲೆ 1.2 ಅಂಕ. ಹತ್ತಿರದಿಂದ ಅಷ್ಟೇ ಗಳಿಸಬೇಕಾದರೆ ಎರಡು ಅಂಕದ ಶಾಟ್ 100ಕ್ಕೆ 60 ಬೀಳಬೇಕು. ನಿಮ್ಮ ಎತ್ತರದವರಿಗೆ ರಿಂಗ್ ಕಾಯುವ 7 ಅಡಿಯ ಸೆಂಟರ್ ಮುಂದೆ ಅದು ಕಷ್ಟ. ಜೇಸನ್ ಕಿಡ್ 1994ರಲ್ಲಿ ಲೀಗ್‌ಗೆ ಬಂದಾಗ ಶಾಟ್ ಅವರ ದೊಡ್ಡ ದೌರ್ಬಲ್ಯವಾಗಿತ್ತು, ಡಿಫೆಂಡರ್‌ಗಳು ಅವರನ್ನು ಬೇಕೆಂದೇ ಬಿಡುತ್ತಿದ್ದರು. 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ 1,988 ತ್ರೀಗಳೊಂದಿಗೆ ಸಾರ್ವಕಾಲಿಕ ಪಟ್ಟಿಯಲ್ಲಿ 3ನೆಯವರಾಗಿದ್ದರು. 2011ರಲ್ಲಿ, 38ನೇ ವಯಸ್ಸಿನಲ್ಲಿ, ಡಲ್ಲಾಸ್ ತಂಡಕ್ಕಾಗಿ ಚಾಂಪಿಯನ್‌ಷಿಪ್ ಗೆದ್ದದ್ದೂ ಹೀಗೇ: ಚೆಂಡನ್ನು ಬೇರೆಯವರು ಹಿಡಿದಾಗ ತಾವು ಗೆರೆಯ ಹಿಂದೆ ನಿಂತು ಕಾಯಲು ಕಲಿತದ್ದರಿಂದ.

ವೇಗಿ ಗಾರ್ಡ್‌ಗಳು ಇದನ್ನೇ ಕಲಿಯುವುದಿಲ್ಲ. ಚೆಂಡು ಸದಾ ಕೈಯಲ್ಲಿರುವುದರಿಂದ ಡ್ರಿಬಲ್ ಮಾಡಿ ಹೊಡೆಯುವ ಶಾಟ್ ಮಾತ್ರ ಗೊತ್ತಿರುತ್ತದೆ. ವೃತ್ತಿಪರ ತಂಡದಲ್ಲಿ ನಿಮಗಿಂತ ಒಳ್ಳೆಯ ಗಾರ್ಡ್ ಇದ್ದೇ ಇರುತ್ತಾನೆ. ಅವನ ಜೊತೆ ನಿಮ್ಮನ್ನು ಅಂಗಳಕ್ಕಿಳಿಸಬೇಕಾದರೆ ಪಾಸ್ ಹಿಡಿದ ಕೂಡಲೇ ಹೊಡೆಯುವ ಶಾಟ್ ಬೇಕು. ಅಭ್ಯಾಸದಲ್ಲಿ ಅರ್ಧದಷ್ಟನ್ನು ಇದಕ್ಕೇ ಮೀಸಲಿಡಿ. ಪಾಸ್ ಕೈಗೆ ಬರುವ ಮೊದಲೇ ಮಂಡಿ ಬಾಗಿರಬೇಕು, ಪಾದ ಹೊಂದಿಕೊಂಡಿರಬೇಕು. ಪ್ರತಿ 5 ಶಾಟ್‌ಗೆ ಅಂಗಳದ ಆ ತುದಿಗೆ ಒಂದು ಓಟ ಹಾಕಿ ಬನ್ನಿ, ಏಕೆಂದರೆ ಪಂದ್ಯದ ಶಾಟ್ ದಣಿದ ಕಾಲಿನ ಶಾಟ್. ಎಷ್ಟು ಹೊಡೆದಿರಿ ಎನ್ನುವುದನ್ನಲ್ಲ, ಎಷ್ಟಕ್ಕೆ ಎಷ್ಟು ಬಿತ್ತು ಎನ್ನುವುದನ್ನು ಬರೆದಿಡಿ. ಯಾರೂ ತಡೆಯದ ಖಾಲಿ ಅಂಗಳದಲ್ಲೇ 100ಕ್ಕೆ 60 ಬೀಳದಿದ್ದರೆ ಪಂದ್ಯದಲ್ಲಿ 35 ಮುಟ್ಟುವುದು ಕಷ್ಟ. ತಪ್ಪಿದ ಚೆಂಡು ರಿಂಗ್‌ನ ಮುಂಭಾಗಕ್ಕೇ ಬಡಿಯುತ್ತಿದ್ದರೆ ಕೈಯನ್ನು ತಿದ್ದಲು ಹೋಗಬೇಡಿ, ಕಾಲು ಸೋತಿದೆ. ಎಡಕ್ಕೂ ಬಲಕ್ಕೂ ಹೋಗುತ್ತಿದ್ದರೆ ಮೊಣಕೈ ಮತ್ತು ಪಕ್ಕದಲ್ಲಿ ಆಸರೆ ಕೊಡುವ ಕೈಯನ್ನು ನೋಡಿ. ಅಂತರರಾಷ್ಟ್ರೀಯ ಗೆರೆ 6.75 ಮೀಟರ್, ಎನ್‌ಬಿಎ ಗೆರೆ ನಡುವಲ್ಲಿ 7.24 ಮೀಟರ್. ಈ ಅರ್ಧ ಮೀಟರ್ ಸಣ್ಣದೆನಿಸುತ್ತದೆ, ಆದರೆ ಕಾಲಿನ ಬಲ ಸಾಲದವನ ಶಾಟ್ ಅಲ್ಲಿ ಒಡೆದುಹೋಗುತ್ತದೆ.

ಗಾರ್ಡ್‌ನ ಜೀವಾಳ ಪಿಕ್ ಅಂಡ್ ರೋಲ್. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ವಯಸ್ಸಿನೊಂದಿಗೆ ಸುಧಾರಿಸುವ ಕೌಶಲವೆಂದರೆ ಇದೇ. ನಿಮ್ಮ ಜೊತೆಗಾರ ಸೆಂಟರ್ ಬಂದು ನಿಮ್ಮ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾನೆ (ಇದೇ ಸ್ಕ್ರೀನ್), ನೀವು ಅವನನ್ನು ಸವರಿಕೊಂಡು ಹೋಗುತ್ತೀರಿ. ವೇಗಿಗಳ ಮೊದಲ ತಪ್ಪು ಆತುರ. ಅಡ್ಡ ನಿಂತವನ ಪಾದ ಊರುವ ಮೊದಲೇ ಹೊರಟರೆ ಅವನಿಗೆ ಫೌಲ್ ಬೀಳುತ್ತದೆ, ಇಲ್ಲವೇ ಸ್ಕ್ರೀನ್ ತಾಗುವುದೇ ಇಲ್ಲ. ಮೊದಲು ಎದುರು ದಿಕ್ಕಿಗೆ ಒಂದು ಹೆಜ್ಜೆ ಇಟ್ಟು ಡಿಫೆಂಡರ್‌ನನ್ನು ಸೆಳೆಯಿರಿ. ಆಮೇಲೆ ನಿಮ್ಮ ಭುಜ ಜೊತೆಗಾರನ ಸೊಂಟಕ್ಕೆ ಉಜ್ಜುವಷ್ಟು ಹತ್ತಿರದಲ್ಲಿ ಹಾಯಿರಿ. ನಡುವೆ ಒಬ್ಬ ನುಸುಳುವಷ್ಟು ಜಾಗ ಬಿಟ್ಟರೆ ಸ್ಕ್ರೀನ್ ಇದ್ದೂ ಇಲ್ಲದಂತೆ.

ಹಾದ ಮೇಲೆ ನೋಡಬೇಕಾದ್ದು ನಿಮ್ಮ ಡಿಫೆಂಡರ್‌ನನ್ನಲ್ಲ, ಎದುರು ತಂಡದ ಸೆಂಟರ್‌ನನ್ನು. ಅವನು ಹಿಂದೆ ಸರಿದು ರಿಂಗ್ ಕಾಯುತ್ತಿದ್ದರೆ ಅದು ಡ್ರಾಪ್. ಆಗ ಅಲ್ಲೇ ನಿಂತು ಶಾಟ್ ಹೊಡೆಯಬಹುದು, ಅಥವಾ ಇನ್ನೆರಡು ಹೆಜ್ಜೆ ಹೋಗಿ ಫ್ಲೋಟರ್ (ಸೆಂಟರ್‌ನ ಕೈ ಮೇಲಿಂದ ಎತ್ತರಕ್ಕೆ ತೇಲಿಸುವ ಶಾಟ್) ಹಾಕಬಹುದು. ರಿಂಗ್ ತನಕ ಹೋಗುವ ಹಟ ಬೇಡ, ಅವನಿಗೆ ಬೇಕಾದ್ದೂ ಅದೇ. ಅವನು ನಿಮ್ಮ ಮೇಲೆಯೇ ಏರಿ ಬಂದು ಇಬ್ಬರೂ ಮುತ್ತಿದರೆ ಅದು ಬ್ಲಿಟ್ಜ್. ಡ್ರಿಬಲ್ ನಿಲ್ಲಿಸದೆ ಒಂದೆರಡು ಹೆಜ್ಜೆ ಹಿಂದೆ ಸರಿದು, ಇಬ್ಬರನ್ನೂ ಎಳೆದುಕೊಂಡು, ಫ್ರೀ ಥ್ರೋ ಗೆರೆಯ ಬಳಿ ತಿರುಗಿದ ಜೊತೆಗಾರನಿಗೆ ಪಾಸ್ ಕೊಡಿ. ಅಲ್ಲಿಂದ ನಾಲ್ವರಿಗೆ ಎದುರು ಮೂವರ ಆಟ. ಇಬ್ಬರೂ ಅದಲುಬದಲಾದರೆ ಅದು ಸ್ವಿಚ್. ನಿಧಾನಗತಿಯ ಸೆಂಟರ್ ನಿಮ್ಮ ಮುಂದೆ ಬಂದ ಎಂದು ಖುಷಿಪಟ್ಟು ಕೂಡಲೇ ನುಗ್ಗಬೇಡಿ. ಹಿಂದೆ ಬಂದು, ಜಾಗ ಮಾಡಿಕೊಂಡು, ಸಹಾಯಕ್ಕೆ ಯಾರು ಬರಬಹುದೆಂದು ನೋಡಿ ಹೊರಡಿ. ಬದಿಯಲ್ಲಿ ಸ್ಕ್ರೀನ್ ಕಡೆಗೆ ಹೋಗಲು ಬಿಡದೆ ನಿಮ್ಮನ್ನು ಅಂಚಿನ ಗೆರೆಯತ್ತ ತಳ್ಳುವ ಪದ್ಧತಿಗೆ ಐಸ್ ಎನ್ನುತ್ತಾರೆ. ಅಲ್ಲಿ ಮೂಲೆಗೆ ಸಿಕ್ಕಿಹಾಕಿಕೊಳ್ಳುವ ಮೊದಲೇ ಜೊತೆಗಾರ ಸ್ಕ್ರೀನ್‌ನ ಕೋನ ಬದಲಿಸುವಂತೆ ಮಾತಾಡಿಕೊಂಡಿರಬೇಕು.

ಕ್ರಿಸ್ ಪಾಲ್ ಅವರ ಆಟದಲ್ಲಿ ಕಲಿಯಲೇಬೇಕಾದ ಒಂದು ಸಂಗತಿ ಇದೆ. ಸ್ಕ್ರೀನ್ ದಾಟಿದ ಮೇಲೆ ಅವರು ವೇಗ ಹೆಚ್ಚಿಸುವುದಿಲ್ಲ, ತಗ್ಗಿಸುತ್ತಾರೆ. ಹಿಂದಿನಿಂದ ಓಡಿ ಬರುವ ಡಿಫೆಂಡರ್‌ನ ದಾರಿಗೆ ಅಡ್ಡ ಬಂದು ಅವನನ್ನು ಬೆನ್ನಿಗೆ ಅಂಟಿಸಿಕೊಳ್ಳುತ್ತಾರೆ. ಅವನು ಮುಂದೆ ಬರಲಾರ, ಬಂದರೆ ಫೌಲ್. ಮುಂದಿರುವ ಸೆಂಟರ್ ಒಬ್ಬನೇ ಇಬ್ಬರನ್ನು ಕಾಯಬೇಕು. ಇದಕ್ಕೆ ಬೇಕಾದ್ದು ವೇಗವಲ್ಲ, ನಿಲ್ಲುವ ಕಾಲು. 6 ಅಡಿ ಎತ್ತರದ ಪಾಲ್ 36ನೇ ವಯಸ್ಸಿನಲ್ಲಿ, 2021ರಲ್ಲಿ, ಮೊದಲ ಸಲ ಫೈನಲ್ ಆಡಿದರು. ಸ್ಟೀವ್ ನ್ಯಾಶ್ ಇನ್ನೊಂದು ದಾರಿ ತೋರಿಸಿದರು: ರಿಂಗ್ ಕೆಳಗೆ ದಾರಿ ಮುಚ್ಚಿದರೆ ಚೆಂಡು ಹಿಡಿಯದೆ, ಡ್ರಿಬಲ್ ಜೀವಂತವಾಗಿಟ್ಟು ಬೇಸ್‌ಲೈನ್ ಗುಂಟ ಆ ಬದಿಗೆ ಹೊರಬರುವುದು. ಅಷ್ಟು ಹೊತ್ತಿಗೆ ಯಾರಾದರೊಬ್ಬ ಡಿಫೆಂಡರ್ ಕಣ್ಣು ತಪ್ಪಿಸಿರುತ್ತಾನೆ. ಅವರು ಮೊದಲ ಎಂವಿಪಿ ಪಡೆದದ್ದು 2005ರಲ್ಲಿ, 31ನೇ ವಯಸ್ಸಿನಲ್ಲಿ, ಮರುವರ್ಷ ಮತ್ತೊಂದು.

ಚೆಂಡು ಕಳೆದುಕೊಳ್ಳುವ ಲೆಕ್ಕವನ್ನೂ ಇಡಿ. ಒಂದು ಟರ್ನೋವರ್‌ಗೆ ಎರಡು ಅಸಿಸ್ಟ್ ಎಂಬುದು ಕನಿಷ್ಠ, ಮೂರಾದರೆ ಕೋಚ್ ನಿಮ್ಮನ್ನು ನಂಬುತ್ತಾನೆ. ಗಾಳಿಯಲ್ಲಿ ಹಾರಿ ಆಮೇಲೆ ಪಾಸ್ ಯಾರಿಗೆಂದು ಹುಡುಕುವ ಚಟ ನಿಮಗಿದ್ದರೆ ಟರ್ನೋವರ್‌ಗಳ ದೊಡ್ಡ ಪಾಲು ಅಲ್ಲೇ ಸಿಗುತ್ತದೆ.

ಡಿಫೆನ್ಸ್ ವಿಚಾರದಲ್ಲಿ ಮುಚ್ಚುಮರೆ ಬೇಡ. 6 ಅಡಿ 1 ಇಂಚಿನ ಗಾರ್ಡ್‌ನನ್ನು ಎದುರು ತಂಡ ಹುಡುಕಿಕೊಂಡು ಬರುತ್ತದೆ. ಸ್ಕ್ರೀನ್ ಮೇಲೆ ಸ್ಕ್ರೀನ್ ಹಾಕಿ ತಮ್ಮ ದೊಡ್ಡ ಆಟಗಾರನ ಮುಂದೆ ನಿಮ್ಮನ್ನು ನಿಲ್ಲಿಸುತ್ತದೆ. ಎತ್ತರ ಬದಲಾಗದು, ತೂಕದ ಕೇಂದ್ರ ಬದಲಾಗುತ್ತದೆ. ಕೈಲ್ ಲೌರಿ, ಜೇಲನ್ ಬ್ರನ್ಸನ್ ಇಬ್ಬರೂ ಗಿಡ್ಡ ಗಾರ್ಡ್‌ಗಳೇ. ಗಟ್ಟಿ ತೊಡೆ, ತಗ್ಗಿದ ಸೊಂಟ ಇರುವುದರಿಂದ ಅವರನ್ನು ತಳ್ಳಿ ಜಾಗ ಮಾಡಿಕೊಳ್ಳುವುದು ಸುಲಭವಲ್ಲ. ಸ್ಕ್ರೀನ್ ಬಂದಾಗ ಒಳಗಿನ ಪಾದವನ್ನು ಮೊದಲು ಸ್ಕ್ರೀನ್‌ನಾಚೆ ತೂರಿಸಿ, ಎದೆ ನೆಟ್ಟಗಿಟ್ಟು, ಚೆಂಡಿನವನ ಸೊಂಟಕ್ಕೆ ಅಂಟಿಕೊಂಡು ದಾಟಿ. ಸ್ವಿಚ್ ಆದರೆ ದೊಡ್ಡವನು ಚೆಂಡು ಹಿಡಿಯುವ ಮೊದಲೇ ಅವನ ಮುಂದೆ ಬಂದು ನಿಲ್ಲಿ. ಹಿಡಿದ ಮೇಲೆ ನಿಮ್ಮಿಂದ ಆಗುವುದು ಕಡಿಮೆ.

ಐಸೇಯಾ ಥಾಮಸ್ ಅವರ ವೃತ್ತಿಜೀವನ ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ. 5 ಅಡಿ 9 ಇಂಚು, 2011ರ ಡ್ರಾಫ್ಟ್‌ನ ಕೊನೆಯ, 60ನೇ ಆಯ್ಕೆ. 2016–17ರಲ್ಲಿ ಬಾಸ್ಟನ್ ಪರ ಪಂದ್ಯಕ್ಕೆ 28.9 ಅಂಕದ ಸರಾಸರಿ. ಸೊಂಟದ ಕೀಲಿನ ಗಾಯದೊಂದಿಗೇ ಪ್ಲೇಆಫ್ ಆಡಿದರು, ಬೇಸಿಗೆಯಲ್ಲಿ ಬೇರೆ ತಂಡಕ್ಕೆ ವರ್ಗವಾಯಿತು, ಮತ್ತೆ ಆ ಮಟ್ಟ ಬರಲಿಲ್ಲ. ಗಿಡ್ಡ ಗಾರ್ಡ್‌ಗೆ ಅಂಚು ತೀರಾ ಸಣ್ಣದು. ಕೀಲು ನೋವಿದ್ದಾಗ ಇನ್ನೊಂದು ಪಂದ್ಯ ಎಂದು ಎಳೆಯುವುದರ ಬೆಲೆ ಅವನಿಗೇ ಹೆಚ್ಚು.

ಗಾಯಗಳ ಬಗ್ಗೆ ಇಷ್ಟು ಗೊತ್ತಿರಲಿ. ಪಾದದ ಗಂಟು ಉಳುಕುವುದು ಈ ಆಟದ ಅತಿ ಸಾಮಾನ್ಯ ಗಾಯ. ಊತ ಇಳಿದ ಕೂಡಲೇ ವಾಸಿಯಾಯಿತು ಎಂದುಕೊಳ್ಳುವುದೇ ಮತ್ತೆ ಉಳುಕಲು ದೊಡ್ಡ ಕಾರಣ, ಏಕೆಂದರೆ ಸಮತೋಲನದ ಅರಿವು ಊತಕ್ಕಿಂತ ನಿಧಾನವಾಗಿ ಮರಳುತ್ತದೆ. ಒಂದೇ ಕಾಲಲ್ಲಿ ನಿಂತು ಚೆಂಡು ಹಿಡಿದು ಎಸೆಯುವ ಅಭ್ಯಾಸವನ್ನು ವಾರಗಟ್ಟಲೆ ಮುಂದುವರಿಸಿ, ಆ ಅವಧಿಯಲ್ಲಿ ಬ್ರೇಸ್ ಧರಿಸಿ. ಗೋಡೆಗೆ ಮಂಡಿ ತಾಗಿಸುವ ಪರೀಕ್ಷೆ ಮಾಡಿ: ಹಿಮ್ಮಡಿ ಏಳದೆ, ಹೆಬ್ಬೆರಳು ಗೋಡೆಯಿಂದ ಸುಮಾರು 10 ಸೆಂಟಿಮೀಟರ್ ದೂರವಿದ್ದರೂ ಮಂಡಿ ಗೋಡೆ ಮುಟ್ಟಬೇಕು, ಎರಡು ಕಾಲಿನ ನಡುವೆ ದೊಡ್ಡ ವ್ಯತ್ಯಾಸ ಇರಬಾರದು. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೋಯುತ್ತಿದ್ದರೆ ಪೂರ್ತಿ ವಿಶ್ರಾಂತಿಯಿಂದ ಅದು ಗಟ್ಟಿಯಾಗುವುದಿಲ್ಲ. ಮಂಡಿಯನ್ನು ಸುಮಾರು 60 ಡಿಗ್ರಿ ಬಾಗಿಸಿ ಭಾರವನ್ನು 45 ಸೆಕೆಂಡ್ ಹಿಡಿದಿಡುವುದು, 5 ಸಲ, ನಡುವೆ 2 ನಿಮಿಷ ಬಿಡುವು: ನೋವು ತಗ್ಗಿಸಲು ಇದು ಹಲವರಿಗೆ ನೆರವಾಗುತ್ತದೆ, ಆಮೇಲೆ ನಿಧಾನವಾಗಿ ತೂಕ ಏರಿಸಬೇಕು. ಎಸಿಎಲ್ ಹರಿದು ಶಸ್ತ್ರಚಿಕಿತ್ಸೆ ಆದರೆ 9 ತಿಂಗಳಿಗೆ ಮೊದಲು ಪಂದ್ಯಕ್ಕೆ ಮರಳಬೇಡಿ, ಯಾರು ಎಷ್ಟೇ ಒತ್ತಾಯಿಸಿದರೂ. ಆಗಲೂ ತಿಂಗಳ ಲೆಕ್ಕವೊಂದೇ ಸಾಲದು. ಗಾಯದ ಕಾಲಿನ ಬಲ ಇನ್ನೊಂದರ ಶೇ. 90 ಆದರೂ ಇದೆಯೇ ಎಂದು ಅಳೆಸಿಕೊಳ್ಳಿ.

ದಾರಿಯ ವಿಷಯಕ್ಕೆ ಬರುವುದಾದರೆ, ಅಮೆರಿಕದ ಹೊರಗಿನ ಆಟಗಾರ 22 ತುಂಬುವ ವರ್ಷ ತಾನಾಗಿಯೇ ಎನ್‌ಬಿಎ ಡ್ರಾಫ್ಟ್‌ಗೆ ಅರ್ಹನಾಗುತ್ತಾನೆ. ಬೇಕಿದ್ದರೆ 19ರಿಂದಲೇ ಹೆಸರು ಕೊಡಬಹುದು. ಮೊದಲ ಸುತ್ತಿನ ಆಯ್ಕೆಗೆ ಎರಡು ವರ್ಷದ ಸಂಬಳ ಖಾತ್ರಿ, ಮುಂದಿನ ಎರಡು ವರ್ಷ ತಂಡದ ಇಚ್ಛೆ. ಎರಡನೇ ಸುತ್ತಿಗೆ ಅಂಥ ಖಾತ್ರಿಯಿಲ್ಲ. ಆಯ್ಕೆಯಾಗದವರಿಗೆ ಬೇಸಿಗೆ ಲೀಗ್, ಎನ್‌ಬಿಎಯ ಕಿರಿಯ ಲೀಗ್ ಆದ ಜಿ ಲೀಗ್, ಎರಡರಲ್ಲೂ ಆಡಿಸುವ ಟೂ ವೇ ಒಪ್ಪಂದಗಳಿವೆ. ಫ್ರೆಡ್ ವ್ಯಾನ್‌ವ್ಲೀಟ್ 2016ರಲ್ಲಿ ಯಾರೂ ಆರಿಸದ ಗಾರ್ಡ್. ಜಿ ಲೀಗ್‌ನಲ್ಲಿ ಆಡಿ, ಟೊರಾಂಟೊ ಬೆಂಚಿನಿಂದ ಎದ್ದು 2019ರಲ್ಲಿ ಚಾಂಪಿಯನ್ ಆದರು, 2020ರಲ್ಲಿ 4 ವರ್ಷಕ್ಕೆ 8.5 ಕೋಟಿ ಡಾಲರ್‌ನ ಒಪ್ಪಂದ ಪಡೆದರು.

ನನ್ನ ಅಭಿಪ್ರಾಯದಲ್ಲಿ 19ರ ಗಾರ್ಡ್‌ಗೆ ಯೂರೋಪಿನ ಲೀಗ್‌ಗಳು ಒಳ್ಳೆಯ ಶಾಲೆ. ಅಲ್ಲಿನ ನಿಯಮದಲ್ಲಿ ಎನ್‌ಬಿಎಯಂತೆ ರಕ್ಷಣೆಗೆ ಮೂರು ಸೆಕೆಂಡಿನ ಮಿತಿಯಿಲ್ಲ, ಸೆಂಟರ್ ರಿಂಗ್ ಕೆಳಗೇ ನಿಂತಿರಬಹುದು. ಬರೀ ವೇಗದಿಂದ ಒಳನುಗ್ಗಲು ಜಾಗವೇ ಇರುವುದಿಲ್ಲ. ಫ್ಲೋಟರ್ ಮತ್ತು ಎದುರು ಮೂಲೆಗೆ ಹಾರುವ ಉದ್ದ ಪಾಸ್ ಕಲಿಯದೆ ಗತ್ಯಂತರವಿಲ್ಲ. ಪಂದ್ಯ 40 ನಿಮಿಷ, 5 ಫೌಲ್‌ಗೆ ಹೊರಗೆ. ವಾಸಿಲಿಯೆ ಮಿಸಿಚ್ 2021ರಲ್ಲಿ ಯೂರೋಲೀಗ್ ಎಂವಿಪಿ ಆಗಿ, 29ನೇ ವಯಸ್ಸಿನಲ್ಲಿ ಎನ್‌ಬಿಎಗೆ ಹೋದರು. ಯೂರೋಪಿನಲ್ಲಿ ಸಹಿ ಹಾಕುವಾಗ ಒಂದು ಎಚ್ಚರ: ಬೇರೆ ಲೀಗ್‌ಗೆ ಹೋಗಬೇಕಾದರೆ ಕ್ಲಬ್‌ಗೆ ಕಟ್ಟಬೇಕಾದ ಬಿಡುಗಡೆ ಮೊತ್ತ ಎಷ್ಟು, ಯಾವ ದಿನಾಂಕದೊಳಗೆ ಎಂಬುದು ಒಪ್ಪಂದದಲ್ಲೇ ಬರೆದಿರಲಿ.

ಹೆಚ್ಚಿನ ಗಾರ್ಡ್‌ಗಳ ಜೀವನ ಸ್ಟಾರ್ ಆಗಿ ಅಲ್ಲ, ಬೆಂಚಿನಿಂದ ಬಂದು 12–18 ನಿಮಿಷ ಆಡುವವರಾಗಿ ಕಳೆಯುತ್ತದೆ. ಅದರಲ್ಲಿ ಯಾವ ಅವಮಾನವೂ ಇಲ್ಲ. ಸ್ಟೀವ್ ಕೆರ್ 1988ರ ಡ್ರಾಫ್ಟ್‌ನ 50ನೇ ಆಯ್ಕೆ. ಪಂದ್ಯಕ್ಕೆ 6 ಅಂಕದ ಸರಾಸರಿಯಲ್ಲಿ 15 ಸೀಸನ್, 910 ಪಂದ್ಯ, 5 ಚಾಂಪಿಯನ್‌ಷಿಪ್. ತ್ರೀಯಲ್ಲಿ ಅವರ ಶೇ. 45.4 ಎನ್‌ಬಿಎ ಇತಿಹಾಸದಲ್ಲೇ ಅತ್ಯುತ್ತಮ. ಆ ಪಾತ್ರದಲ್ಲಿ ಕೋಚ್ ಕೇಳುವುದು ಚೆಂಡು ಕಳೆಯಬೇಡ, ಎದುರಿನ ಗಾರ್ಡ್‌ಗೆ ಉಸಿರಾಡಲು ಬಿಡಬೇಡ, ಖಾಲಿ ಸಿಕ್ಕಾಗ ಶಾಟ್ ಹಾಕು, ಇಷ್ಟೇ.

ವಯಸ್ಸಿನ ಲೆಕ್ಕ ಸ್ಥೂಲವಾಗಿ ಹೀಗಿದೆ. 22ರಿಂದ 26ರ ತನಕ ಕಲಿಕೆ, 27ರಿಂದ 31 ಉತ್ತುಂಗ. ಆಮೇಲೆ ನಿಮಿಷ ಇಳಿಸಿಕೊಂಡು, ಸತತ ಎರಡು ರಾತ್ರಿ ಆಡುವುದನ್ನು ತಪ್ಪಿಸಿಕೊಂಡು, ಚೆಂಡಿಲ್ಲದ ಆಟಕ್ಕೆ ಹೆಚ್ಚು ಒತ್ತು ಕೊಡಬೇಕು. ಸೂ ಬರ್ಡ್ ಅಮೆರಿಕದ ಮಹಿಳಾ ಲೀಗ್‌ನಲ್ಲಿ 2002ರಿಂದ 2022ರ ತನಕ ಸಿಯಾಟಲ್ ಸ್ಟಾರ್ಮ್ ಒಂದೇ ತಂಡದಲ್ಲಿದ್ದು, 4 ಚಾಂಪಿಯನ್‌ಷಿಪ್ ಮತ್ತು 5 ಒಲಿಂಪಿಕ್ ಚಿನ್ನ ಗೆದ್ದು, 41ರ ತನಕ ಆಡಿದರು. ಅವರ ಕೊನೆಯ ವರ್ಷಗಳ ಪಂದ್ಯಗಳನ್ನು ಹುಡುಕಿ ನೋಡಿ. ಅವರು ಯಾರನ್ನೂ ಓಡಿ ದಾಟುವುದಿಲ್ಲ. ಸ್ಕ್ರೀನ್ ಬಳಿ ಎಷ್ಟು ಹೊತ್ತು ಕಾಯುತ್ತಾರೆ, ಪಾಸ್‌ಗೆ ಮೊದಲು ಕಣ್ಣು ಯಾವ ಕಡೆ ಹೊರಳುತ್ತದೆ, ಯಾವ ಕಾಲಿನ ಮೇಲೆ ನಿಲ್ಲುತ್ತಾರೆ ಎಂದು ಬರೆದುಕೊಳ್ಳಿ. ಆಮೇಲೆ ನಿಮ್ಮ 10 ಮೀಟರ್ ಓಟದ ವಿಡಿಯೊವನ್ನು ಪಕ್ಕದಲ್ಲಿಟ್ಟು, ಕೊನೆಯ ಮೂರು ಹೆಜ್ಜೆಗಳನ್ನಷ್ಟೇ ಮತ್ತೆ ಮತ್ತೆ ನೋಡಿ. ಆರು ವಾರ ಬಿಟ್ಟು ಅದೇ ಗೆರೆಯ ಮೇಲೆ ಮತ್ತೆ ಓಡಿ, ಎಷ್ಟು ಹೆಜ್ಜೆಯಲ್ಲಿ ನಿಂತಿರಿ ಎಂದು ಎಣಿಸಿ.